ಓದುಗರ ಪ್ರಶ್ನೆ: ಫ್ಲಾಸ್ಕನ್ನ ಕೆಳಗಿಂದ ನೋಡೋ ಮೈಕ್ರೋಸ್ಕೋಪು, ಯಾವ್ದು ತಗೊಳ್ಳೋದು?

ಹೋದ ಸಲ ಸೆಲ್ ಕಲ್ಚರ್ (ಜೀವಕೋಶಗಳನ್ನ ದೇಹದ ಹೊರಗೆ ಪಾತ್ರೆಯಲ್ಲಿ ಬೆಳೆಸೋದು) ಬಗ್ಗೆ ಯಾರೋ ಕೇಳಿದ್ದಕ್ಕೆ ಉತ್ತರ ಬರೀತಾ, "ಒಳ್ಳೆ ಇನ್ವರ್ಟೆಡ್ ಮೈಕ್ರೋಸ್ಕೋಪ್ ಒಂದಿರ್ಲಿ" ಅಂತ ಒಂದು ಸಾಲು ಹಾಕಿ ಜಾರಿಕೊಂಡಿದ್ದೆ. ನೀವು ಬಿಡ್ತೀರಾ? ಒಳ್ಳೇದು ಅಂದ್ರೆ ಯಾವ್ದು, ಎಷ್ಟು ಎಕ್ಸು (ಲೆನ್ಸು ಎಷ್ಟು ಪಟ್ಟು ದೊಡ್ಡದು ಮಾಡುತ್ತೆ), ಕ್ಯಾಮೆರಾ ಬೇಕಾ, ಮಳೆಗಾಲದಲ್ಲಿ ಏನ್ಮಾಡೋದು ಅಂತ ರಾಶಿ ಪತ್ರ ಬಂದಿವೆ. ಅದಕ್ಕೆ ಈ ತಿಂಗಳ ಅಂಕಣ ಪೂರ್ತಿ ಇದಕ್ಕೇ. ಕೀಟ, ಗ್ರಹಣ, ಫ್ರಿಜ್ಜು ಕೇಳಿದವರು ಮುಂದಿನ ತಿಂಗಳು ನೋಡಿ, ಬೇಜಾರಾಗ್ಬೇಡಿ.

ಪ್ರಶ್ನೆ: ನಾನು ದಾವಣಗೆರೆಯ ಒಂದು ಕಾಲೇಜಲ್ಲಿ ಬಯೋಟೆಕ್ನಾಲಜಿ ಪಾಠ ಮಾಡ್ತೀನಿ. ಎಂ.ಎಸ್ಸಿ ಮಕ್ಕಳಿಗೆ ಅಂತ ಸಣ್ಣದೊಂದು ಸೆಲ್ ಕಲ್ಚರ್ ರೂಮ್ ಮಾಡ್ತಿದ್ದೀವಿ, ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ, ಅಂದ್ರೆ ಎನ್‌ಸಿಸಿಎಸ್‌ನಿಂದ ಹೀಲಾ, ವೀರೋ ಅನ್ನೋ ಲ್ಯಾಬಲ್ಲಿ ಬೆಳೆಸೋ ಸೆಲ್ ತರಿಸೋ ಯೋಚನೆ ಇದೆ. ಮೂರು ಕೊಟೇಷನ್ ಬಂದಿವೆ. ಒಬ್ಬರು 40ಎಕ್ಸ್ ಸಾಕು ಅಂತಾರೆ, ಇನ್ನೊಬ್ಬರು ಅದೇ ರೇಟಲ್ಲಿ 60ಎಕ್ಸ್ ಕೊಡ್ತೀವಿ ಅಂತಾರೆ, ಮೂರನೆಯವರು ಕ್ಯಾಮೆರಾ ಫ್ರೀ ಅಂತಾರೆ. ನಮ್ಮ ಪ್ರಿನ್ಸಿಪಾಲರು "ಡಿಪಾರ್ಟ್‌ಮೆಂಟಲ್ಲಿ ಹತ್ತು ಮೈಕ್ರೋಸ್ಕೋಪ್ ಇವೆಯಲ್ಲ, ಅದ್ರಲ್ಲಿ ಕಾಣಲ್ವಾ?" ಅಂತ ಕೇಳ್ತಿದಾರೆ. ಏನ್ ಹೇಳೋದು?

ಉತ್ತರ: ಮೊದಲು ಪ್ರಿನ್ಸಿಪಾಲರದ್ದು ಮುಗಿಸೋಣ. ಅವರ ಕೈಗೊಂದು ಖಾಲಿ ಟಿ-25 ಫ್ಲಾಸ್ಕ್ (ಸೆಲ್ ಬೆಳೆಸೋ ಚಪ್ಪಟೆ ಪ್ಲಾಸ್ಟಿಕ್ ಬಾಟಲು) ಕೊಟ್ಟು, ಮಾಮೂಲಿ ಮೈಕ್ರೋಸ್ಕೋಪಿನ ಸ್ಟೇಜ್ ಮೇಲೆ ಮಲಗಿಸಿ, 40ಎಕ್ಸ್ ಲೆನ್ಸನ್ನ ಕೆಳಗಿಳಿಸಿ ಸಾರ್ ಅನ್ನಿ. ಲೆನ್ಸು ಫ್ಲಾಸ್ಕಿನ ಮೇಲ್ಚಾವಣಿಗೆ ಕುಟ್ಟಿ ನಿಲ್ಲುತ್ತೆ. ಸೆಲ್ಲುಗಳು ಅಂಟಿಕೊಂಡಿರೋದು ತಳದಲ್ಲಿ, ಅಂದ್ರೆ ಲೆನ್ಸಿನಿಂದ ಎರಡು ಮೂರು ಸೆಂಟಿಮೀಟರ್ ಆಚೆ, ಮಧ್ಯದಲ್ಲಿ ಗಾಳಿ, ಅದರ ಕೆಳಗೆ ಮೀಡಿಯಾ, ಅಂದ್ರೆ ಸೆಲ್ಲಿನ ಆಹಾರದ ದ್ರವ. ಮಾಮೂಲಿ 40ಎಕ್ಸ್ ಲೆನ್ಸು ವಸ್ತುವಿಗೆ ಒಂದು ಮಿಲಿಮೀಟರಿಗಿಂತ ಹತ್ತಿರ ಬರದೆ ಫೋಕಸ್ಸೇ ಆಗಲ್ಲ. ಸ್ಲೈಡಿಗೆ ಹಾಕಿ ನೋಡಬಹುದಲ್ಲ ಅಂದ್ರೆ, ಸ್ಲೈಡಿಗೆ ಹಾಕೋಕೆ ಸೆಲ್ಲುಗಳನ್ನ ಕಿತ್ತು ತೆಗೀಬೇಕು, ಅಲ್ಲಿಗೆ ಅವು ನಿಮ್ಮ ಕಲ್ಚರ್ ಆಗಿ ಉಳಿಯಲ್ಲ. ಮುಚ್ಚಳ ತೆಗೀದೆ ಕೆಳಗಿಂದ ಇಣುಕಬೇಕು, ಅದಕ್ಕೇ ಲೆನ್ಸು ಕೆಳಗೆ ದೀಪ ಮೇಲೆ. ಈ ಉಪಾಯ ಹೊಸದೇನಲ್ಲ, 1850ರಲ್ಲೇ ಜೆ. ಲಾರೆನ್ಸ್ ಸ್ಮಿತ್ ಅನ್ನೋ ಅಮೆರಿಕದ ರಸಾಯನಶಾಸ್ತ್ರಜ್ಞ ತನ್ನ ಕೆಲಸಕ್ಕೆ ಅಂತ ಮೈಕ್ರೋಸ್ಕೋಪನ್ನ ತಲೆಕೆಳಗೆ ಮಾಡಿದ್ದ. ಸೆಲ್ ಕಲ್ಚರಿನವರು ಆಮೇಲೆ ಬಂದು ಅದನ್ನ ತಮ್ಮದು ಮಾಡ್ಕೊಂಡ್ರು ಅಷ್ಟೆ.

ಈಗ ಕೊಟೇಷನ್. ನೀವು ಮೂರನ್ನೂ ಪಕ್ಕಕ್ಕಿಟ್ಟು ಒಂದು ಸ್ಕೇಲ್ ತಗೊಳ್ಳಿ. ತಮಾಷೆ ಅಲ್ಲ. ನೀವು ಏನೇನು ಪಾತ್ರೆಯಲ್ಲಿ ಸೆಲ್ ಬೆಳೆಸ್ತೀರಿ ಅಂತ ಪಟ್ಟಿ ಮಾಡಿ: ಟಿ-25, ಟಿ-75, 6 ಗುಳಿ ಪ್ಲೇಟು, 96 ಗುಳಿ ಪ್ಲೇಟು, 35 ಮಿಲಿಮೀಟರ್ ಡಿಶ್ಶು. ಒಂದೊಂದರ ಎತ್ತರ ಅಳೆದು ಬರ್ಕೊಳ್ಳಿ. ದೀಪದ ಕೆಳಗಿರೋ ಕಂಡೆನ್ಸರಿಗೂ (ಬೆಳಕನ್ನ ಸೆಲ್ಲಿನ ಮೇಲೆ ಕೂಡಿಸೋ ಲೆನ್ಸು) ಸ್ಟೇಜಿಗೂ ನಡುವಿನ ಜಾಗದಲ್ಲಿ ಇವೆಲ್ಲ ಆರಾಮಾಗಿ ಕೂರಬೇಕು, ಕೂತಮೇಲೆ ನಿಮ್ಮ ಕೈ ಆಡೋಕೆ ಜಾಗ ಉಳೀಬೇಕು. ಮುಂದೊಂದು ದಿನ ರೋಲರ್ ಬಾಟಲು, ಮಹಡಿ ಮಹಡಿ ಇರೋ ಫ್ಲಾಸ್ಕು ಬರೋ ಹಾಗಿದ್ರೆ ಕಂಡೆನ್ಸರನ್ನ ಬಿಚ್ಚಿ ಪಕ್ಕಕ್ಕಿಡೋಕೆ ಬರುತ್ತಾ ಅಂತಾನೂ ಕೇಳಿ, ಬರೋ ಮಾಡೆಲ್ ಬೇಕಾದಷ್ಟಿವೆ.

ಆಮೇಲೆ ತಳದ ದಪ್ಪ, ಜನ ಎಡವೋದು ಇಲ್ಲೇ. ಸ್ಲೈಡಿನ ಕವರ್‌ಗ್ಲಾಸ್ 0.17 ಮಿಲಿಮೀಟರ್, ಮಾಮೂಲಿ ಲೆನ್ಸುಗಳು ಅದಕ್ಕೆ ಅಂತಾನೇ ತಿದ್ದಿರೋದು. ಫ್ಲಾಸ್ಕಿನ ಪ್ಲಾಸ್ಟಿಕ್ ತಳ ಒಂದು ಮಿಲಿಮೀಟರ್ ಆಸುಪಾಸು ಇರುತ್ತೆ, ಅಂದ್ರೆ ಐದಾರು ಪಟ್ಟು. ಅಷ್ಟು ದಪ್ಪದ ಮೂಲಕ ನೋಡೋಕೆ ದೂರದಿಂದ್ಲೇ ಫೋಕಸ್ ಆಗೋ ಲೆನ್ಸು ಬೇಕು, ಅಂಗಡಿಯವರು ಲಾಂಗ್ ವರ್ಕಿಂಗ್ ಡಿಸ್ಟೆನ್ಸ್ ಅಂತಾರಲ್ಲ, ಅದು. ಲೆನ್ಸಿನ ಮೈಮೇಲೆ ಬರೆದಿರ್ತಾರೆ ಓದಿ ನೋಡಿ. 0.17 ಅಂತಿದ್ರೆ ಗಾಜಿನ ತಳಕ್ಕೆ ಮಾತ್ರ. 1.2 ಅಂತಿದ್ರೆ ಪ್ಲಾಸ್ಟಿಕ್ಕಿಗೆ. 0-2 ಅಂತಿದ್ದು ಲೆನ್ಸಿನ ಕತ್ತಿನಲ್ಲಿ ತಿರುಗಿಸೋ ಬಳೆ ಇದ್ರೆ ಎರಡಕ್ಕೂ ಹೊಂದಿಸ್ಕೋಬಹುದು, 40ಎಕ್ಸ್‌ನಲ್ಲಿ ಅಂಥದ್ದು ಸಿಕ್ಕಿದ್ರೆ ಬಿಡಬೇಡಿ.

ಅಂದ್ರೆ ಆ 60ಎಕ್ಸ್? ನಮ್ಮ ಹಳೇ ಲ್ಯಾಬಲ್ಲೂ ಹೀಗೇ ಒಬ್ಬ ಡೀಲರು "ಮೇಡಂ ಇದನ್ನೂ ಹಾಕ್ಕೊಡ್ತೀನಿ" ಅಂತ 60ಎಕ್ಸ್ ಹಾಕ್ಕೊಟ್ಟಿದ್ದ, ನೋಡಿದ್ರೆ ಅದು 0.17ರ ಲೆನ್ಸು. ಒಬ್ಬ ಹುಡುಗ ಫೋಕಸ್ ಆಗ್ತಿಲ್ಲ ಆಗ್ತಿಲ್ಲ ಅಂತ ಮೇಲಕ್ಕೆ ತಿರುಗಿಸ್ತಾ ತಿರುಗಿಸ್ತಾ ಫ್ಲಾಸ್ಕನ್ನೇ ಎತ್ತಿಬಿಟ್ಟ, ಲೆನ್ಸಿನ ಮುಖಕ್ಕೆ ಗೀರು. ಆಮೇಲೆ ಅದು ಡಬ್ಬಿ ಸೇರಿದ್ದು ಇವತ್ತಿಗೂ ಅಲ್ಲೇ ಇರಬೇಕು.

ನಿಜ ಹೇಳ್ಬೇಕು ಅಂದ್ರೆ ಸೆಲ್ ಕಲ್ಚರ್ ರೂಮಿನ ದಿನನಿತ್ಯದ ಕೆಲಸ ಎಲ್ಲ 10ಎಕ್ಸ್‌ನಲ್ಲೇ ಆಗೋದು. ಬೆಳಗ್ಗೆ ಫ್ಲಾಸ್ಕ್ ತೆಗೀತೀರಿ, ಎಷ್ಟು ಭಾಗ ತುಂಬಿದೆ, ಸೆಲ್ಲು ಚಪ್ಪಟೆಯಾಗಿ ಅಂಟಿಕೊಂಡಿದೆಯಾ ಇಲ್ಲ ದುಂಡಗಾಗಿ ತೇಲ್ತಿದೆಯಾ, ಮೀಡಿಯಾದಲ್ಲಿ ಏನಾದ್ರೂ ಮಿಣುಕ್ ಮಿಣುಕ್ ಅಂತ ಓಡಾಡ್ತಿದೆಯಾ ಅಂತ ನೋಡ್ತೀರಿ, ವಾಪಸ್ ಇಡ್ತೀರಿ. ಅನುಮಾನ ಬಂದ್ರೆ 20ಎಕ್ಸ್. ಬ್ಯಾಕ್ಟೀರಿಯಾನೇ ಹೌದಾ ಅಂತ ಖಾತ್ರಿ ಆಗ್ಬೇಕು ಅಂದ್ರೆ 40ಎಕ್ಸ್. ಫ್ಲಾಸ್ಕ್ ಪೂರ್ತಿ ಒಂದು ಸುತ್ತು ಹಾಕೋಕೆ, ಕಾಲೊನಿ ಹುಡುಕೋಕೆ 4ಎಕ್ಸ್. ಈ ನಾಲ್ಕು ಇದ್ರೆ ಎಂ.ಎಸ್ಸಿ ಏನು, ಪಿಎಚ್‌ಡಿನೂ ಆಗುತ್ತೆ. ಹೀಮೋಸೈಟೋಮೀಟರಲ್ಲಿ (ಗೆರೆ ಕೊರೆದ ದಪ್ಪ ಗಾಜಿನ ಸ್ಲೈಡು) ಸೆಲ್ ಎಣಿಸೋದೂ ಇದೇ 10ಎಕ್ಸ್‌ನಲ್ಲಿ ಮಾಡ್ಕೋತಾರೆ ಬಹಳ ಜನ, ಆ ದಪ್ಪ ಗಾಜಿನ ಕೆಳಗಿಂದ.

ಒಂದು ವಿಷಯದಲ್ಲಿ ಮಾತ್ರ ಚೌಕಾಸಿ ಮಾಡಬೇಡಿ, ಅದು ಫೇಸ್ ಕಾಂಟ್ರಾಸ್ಟ್. ಜೀವಂತ ಸೆಲ್ಲಿಗೆ ಬಣ್ಣ ಇಲ್ಲ, ನೀರಲ್ಲಿ ಬಿದ್ದ ಗಾಜಿನ ಚೂರಿನ ಹಾಗೆ. ಬೆಳಕು ಅದರೊಳಗಿಂದ ಹಾದು ಬರುವಾಗ ಕಮ್ಮಿ ಆಗಲ್ಲ, ಸ್ವಲ್ಪ ತಡ ಆಗುತ್ತೆ ಅಷ್ಟೆ, ಆ ತಡ ನಮ್ಮ ಕಣ್ಣಿಗೆ ತಿಳಿಯಲ್ಲ. ಆ ತಡವನ್ನ ಕಪ್ಪು ಬಿಳುಪಾಗಿ ಮಾಡೋ ಉಪಾಯ ಕಂಡುಹಿಡಿದವನು ಹಾಲೆಂಡಿನ ಫ್ರಿಟ್ಸ್ ಜೆರ್ನಿಕೆ. 1932ರಲ್ಲಿ ಜರ್ಮನಿಯ ಯೇನಾದಲ್ಲಿದ್ದ ಜೈಸ್ ಕಂಪನಿಗೆ ಹೋಗಿ ತೋರಿಸಿದ್ರೆ ಅವರು ಉತ್ಸಾಹ ತೋರಿಸ್ಲಿಲ್ವಂತೆ, 1953ರಲ್ಲಿ ಅದಕ್ಕೇ ನೊಬೆಲ್ ಬಂತು. ಇದಕ್ಕೆ ಎರಡು ಕಡೆ ಉಂಗುರ ಬೇಕು, ಒಂದು ಮೇಲೆ ಕಂಡೆನ್ಸರಲ್ಲಿ ಬೆಳಕು ಬಿಡೋ ಉಂಗುರ, ಇನ್ನೊಂದು ಲೆನ್ಸಿನ ಹೊಟ್ಟೆಯಲ್ಲಿ. ಎರಡೂ ಒಂದರ ಮೇಲೊಂದು ಸರಿಯಾಗಿ ಕೂರಬೇಕು, ಸ್ವಲ್ಪ ಜಾರಿದ್ರೂ ಚಿತ್ರ ಮಂಕು. ಕೊಟೇಷನ್ನಲ್ಲಿ "ಫೇಸ್ ಕಾಂಟ್ರಾಸ್ಟ್ ಇದೆ" ಅಂತ ಬರೆದು ಬರೀ 10ಎಕ್ಸ್ ಒಂದಕ್ಕೆ ಕೊಟ್ಟು, 20 ಮತ್ತೆ 40 ಸಾದಾ ಲೆನ್ಸು ಹಾಕಿರೋದನ್ನ ನಾನೇ ನೋಡಿದೀನಿ, ಅದಕ್ಕೆ ಯಾವ್ಯಾವ ಲೆನ್ಸಿಗೆ ಫೇಸ್ ಇದೆ ಅಂತ ಒಂದೊಂದಾಗಿ ಬರೆಸ್ಕೊಳ್ಳಿ. ಲೆನ್ಸ್ ಬದಲಾಯಿಸಿದಾಗಲೆಲ್ಲ ಉಂಗುರ ಬದಲಾಯಿಸೋ ಹಾಗಿಲ್ಲದೆ ಒಂದೇ ಉಂಗುರದಲ್ಲಿ ಮೂರ್ನಾಲ್ಕು ಲೆನ್ಸ್ ನಡೆಯೋ ಮಾಡೆಲ್ ಬಂದಿವೆ, ಮೊದಲೇ ಕೂರಿಸಿ ಕೊಟ್ಟಿರ್ತಾರೆ. ಮಕ್ಕಳು ಬಳಸೋ ಲ್ಯಾಬಿಗೆ ಅದೇ ಸರಿ. ಇಲ್ಲಾಂದ್ರೆ ಇವತ್ತು ಒಬ್ಬ ಉಂಗುರ ಅಲ್ಲಾಡಿಸಿ ಹೋಗ್ತಾನೆ, ನಾಳೆ ಇನ್ನೊಬ್ಬಳು ಬಂದು ಸೆಲ್ ಸರಿ ಇಲ್ಲ ಅಂತಾಳೆ.

ಯಾವ ಕಂಪನಿ ಅಂತ ಕೇಳೇ ಕೇಳ್ತೀರಿ. ನಿಕಾನ್ ಟಿಎಸ್2, ಒಲಿಂಪಸ್ ಸಿಕೆಎಕ್ಸ್53 (2022ರಿಂದ ಒಲಿಂಪಸ್ಸಿನ ಮೈಕ್ರೋಸ್ಕೋಪ್ ವಿಭಾಗಕ್ಕೆ ಎವಿಡೆಂಟ್ ಅಂತ ಹೆಸರು, ಕೊಟೇಷನ್ನಲ್ಲಿ ಆ ಹೆಸರಿದ್ರೆ ಗಾಬರಿಯಾಗ್ಬೇಡಿ), ಜೈಸ್ ಪ್ರಿಮೊವರ್ಟ್, ಲೈಕಾ ಡಿಎಂಐ1, ಇವೆಲ್ಲ ಇದೇ ಕೆಲಸಕ್ಕೆ ಮಾಡಿದ್ದು. ಅದಕ್ಕಿಂತ ಕೆಳಗಿನ ರೇಟಲ್ಲಿ ಮೋಟಿಕ್, ಲ್ಯಾಬೊಮೆಡ್, ನಮ್ಮ ದೇಶದ್ದೇ ಮ್ಯಾಗ್ನಸ್ ಇವೆ. ದೇಶೀದು ಅಂತ ಮೂಗು ಮುರೀಬೇಡಿ, 10ಎಕ್ಸ್ ಫೇಸ್ ಚೆನ್ನಾಗಿದ್ದು, ಕೆಟ್ಟಾಗ ವಾರದಲ್ಲಿ ಇಂಜಿನಿಯರ್ ದಾವಣಗೆರೆಗೆ ಬರ್ತಾನೆ ಅಂದ್ರೆ ನಾನಂತೂ ಅದನ್ನೇ ತಗೊಳ್ತೀನಿ. ಬೆಂಗಳೂರಿಂದ ಇಂಜಿನಿಯರ್ ಬರೋಕೆ ಎರಡು ತಿಂಗಳು ಕಾಯಿಸೋ ದೊಡ್ಡ ಹೆಸರು ತಗೊಂಡು ಏನ್ಮಾಡ್ತೀರಿ.

ಕೊನೆಗೆ ಡೆಮೊ. ಬ್ರೋಷರ್ ನೋಡಿ ತಗೊಂಡ್ರೆ ಹೆಣ್ಣು ನೋಡದೆ ಫೋಟೋ ನೋಡಿ ಮದುವೆ ಆದ ಹಾಗೆ. ಡೀಲರ್ ತರೋ ಸ್ಲೈಡಲ್ಲಿ ಎಲ್ಲಾ ಮೈಕ್ರೋಸ್ಕೋಪೂ ಚೆನ್ನಾಗೇ ಕಾಣುತ್ತೆ, ಬಣ್ಣ ಹಾಕಿರ್ತಾರಲ್ಲ. ನಿಮ್ಮದೇ ಫ್ಲಾಸ್ಕು, ನಿಮ್ಮದೇ ಸೆಲ್ಲು ಇಡಿ. ಸೆಲ್ ಇನ್ನೂ ಬಂದಿಲ್ಲ ಅಂದ್ರೆ ಪಕ್ಕದ ಊರಲ್ಲಿ ಯಾರ ಲ್ಯಾಬಲ್ಲಾದ್ರೂ ಮುಕ್ಕಾಲು ತುಂಬಿದ ಹೀಲಾ ಫ್ಲಾಸ್ಕ್ ಇದ್ರೆ ಅಲ್ಲಿಗೇ ಡೆಮೊ ತರಿಸಿ. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಅನ್ನೋ ಹೆಣ್ಣುಮಗಳ ಗಡ್ಡೆಯಿಂದ ತೆಗೆದ ಸೆಲ್ಲು ಇವತ್ತಿಗೂ ಬೆಳೀತಾನೇ ಇದೆ, ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತೆ. 10ಎಕ್ಸ್‌ನಲ್ಲಿ ನೋಡಿದಾಗ ಚಪ್ಪಟೆ ಸೆಲ್ಲಿನ ಅಂಚು ಗೆರೆ ಎಳೆದ ಹಾಗಿರಬೇಕು, ಒಳಗೆ ನ್ಯೂಕ್ಲಿಯಸ್ಸು, ಅದರೊಳಗೆ ಕರಿ ಚುಕ್ಕೆಗಳು ಕಾಣಬೇಕು, ಒಡೀತಾ ಇರೋ ಸೆಲ್ಲು ದುಂಡಗಾಗಿ ಮುತ್ತಿನ ಥರ ಹೊಳೀಬೇಕು. ಮಧ್ಯದಲ್ಲಿ ಮಾತ್ರ ಅಲ್ಲ, ವೃತ್ತದ ಅಂಚಿನವರೆಗೂ. ಆಮೇಲೆ ಫ್ಲಾಸ್ಕನ್ನ ಮೂಲೆವರೆಗೂ ಸರಿಸಿ ನೋಡಿ. ಆಮೇಲೆ ಹದಿನೈದು ನಿಮಿಷ ಕದಲದೆ ಅದರ ಮುಂದೆ ಕೂತ್ಕೊಳ್ಳಿ, ಕುತ್ತಿಗೆ ನೋವು ಬಂತಾ? ಇದನ್ನ ಯಾವ ಬ್ರೋಷರೂ ಬರೆಯಲ್ಲ.

ಪ್ರಶ್ನೆ: ಇನ್ವರ್ಟೆಡ್‌ನಲ್ಲಿ 1000 ಪಟ್ಟು ದೊಡ್ಡದಾಗಿ ಕಾಣೋದು ಇದೆಯಾ? ಕಲ್ಚರಿಗೆ ಮೈಕೋಪ್ಲಾಸ್ಮಾ (ಬಹಳ ಸಣ್ಣ ಬ್ಯಾಕ್ಟೀರಿಯಾ) ಬಂದಿದೆಯಾ ಅಂತ ನೋಡ್ಬೇಕಿತ್ತು. (ಹಾಸನ)

ಉತ್ತರ: ಇದೆ, ಆದ್ರೆ ಅದ್ರಲ್ಲೂ ನಿಮಗದು ಕಾಣಲ್ಲ. ಎಷ್ಟು ಸಣ್ಣದು ಕಾಣುತ್ತೆ ಅನ್ನೋದನ್ನ ಎಕ್ಸ್ ಹೇಳಲ್ಲ, ಲೆನ್ಸಿನ ಮೇಲೆ ಎಕ್ಸ್ ಪಕ್ಕದಲ್ಲಿರೋ ಇನ್ನೊಂದು ಅಂಕಿ, ಎನ್.ಎ. (ಲೆನ್ಸು ಎಷ್ಟು ಅಗಲದ ಬೆಳಕು ಹಿಡಿಯುತ್ತೆ ಅನ್ನೋ ಅಳತೆ), ಹೇಳುತ್ತೆ. 10ಎಕ್ಸ್ 0.25 ಲೆನ್ಸು ಹಸಿರು ಬೆಳಕಲ್ಲಿ ಸುಮಾರು 1.3 ಮೈಕ್ರಾನ್ ಅಂತರದ ಎರಡು ಚುಕ್ಕೆ ಬೇರೆ ಮಾಡುತ್ತೆ, 20ಎಕ್ಸ್ 0.4 ಆದ್ರೆ 0.8ರ ಹತ್ತಿರ, 40ಎಕ್ಸ್ 0.6 ಆದ್ರೆ 0.56. ಮೈಕೋಪ್ಲಾಸ್ಮಾ ಅದಕ್ಕಿಂತ ಸಣ್ಣದು, ಗೋಡೆನೂ ಇಲ್ಲ, ಸೆಲ್ಲಿಗೆ ಅಂಟಿಕೊಂಡು ಕೂತಿರುತ್ತೆ, ಮೀಡಿಯಾ ಕದಡೋದೂ ಇಲ್ಲ. ಪಿಸಿಆರ್ ಮಾಡಿಸಿ, ಇಲ್ಲಾ ಡಿಎನ್‌ಎಗೆ ಅಂಟೋ ಹೋಕ್ಸ್ಟ್ ಬಣ್ಣ ಹಾಕಿ ಫ್ಲೋರೆಸೆನ್ಸಲ್ಲಿ (ಬೆಳಕು ಬಿಟ್ಟಾಗ ಬಣ್ಣ ತಾನೇ ಹೊಳೆಯೋದು) ನೋಡಿ, ನ್ಯೂಕ್ಲಿಯಸ್ ಆಚೆ ಪುಡಿ ಪುಡಿ ಹೊಳೆದ್ರೆ ಅನುಮಾನ ಪಡಿ. ಮೈಕ್ರೋಸ್ಕೋಪ್ ಬದಲಾಯಿಸಿದ್ರೆ ಆಗೋ ಕೆಲಸ ಅಲ್ಲ ಇದು.

ಪ್ರಶ್ನೆ: ನಾನು ಬೆಂಗಳೂರಲ್ಲಿ ಪಿಎಚ್‌ಡಿ ಮಾಡ್ತಿದೀನಿ. ಲ್ಯಾಬಿನ ಹಳೇ ಇನ್ವರ್ಟೆಡ್‌ಗೆ ಕ್ಯಾಮೆರಾ ತಗೊಳ್ಬೇಕು. ಗೈಡು 20 ಮೆಗಾಪಿಕ್ಸೆಲ್‌ಗಿಂತ ಕಮ್ಮಿ ಬೇಡ ಅಂತಾರೆ. ನಾನು ಫೋನನ್ನೇ ಐಪೀಸಿಗೆ ಹಿಡಿದು ಫೋಟೋ ತೆಗೀತಿದೀನಿ, ಅದೂ ಚೆನ್ನಾಗೇ ಬರ್ತಿದೆ!

ಉತ್ತರ: ಗೈಡಿಗೆ ಎದುರಾಡು ಅಂತ ನಾನು ಹೇಳಲ್ಲಪ್ಪ, ಲೆಕ್ಕ ಮಾತ್ರ ಕೊಡ್ತೀನಿ. ಮೇಲೆ ಹೇಳಿದ ಹಾಗೆ 10ಎಕ್ಸ್ ಲೆನ್ಸು ಕೊಡೋದೇ 1.3 ಮೈಕ್ರಾನಿನ ವಿವರ. ಅದನ್ನ ಪೂರ್ತಿ ಹಿಡಿಯೋಕೆ ಒಂದು ಪಿಕ್ಸೆಲ್ ಅದರ ಅರ್ಧಕ್ಕೆ, ಅಂದ್ರೆ ಸೆಲ್ಲಿನ ಮೇಲೆ 0.65 ಮೈಕ್ರಾನಿಗೆ ಬಂದ್ರೆ ಸಾಕು. ಕ್ಯಾಮೆರಾದ ಪಿಕ್ಸೆಲ್ 3.45 ಮೈಕ್ರಾನ್ ಇದೆ, ನಡುವಿನ ಅಡಾಪ್ಟರ್ 0.5ಎಕ್ಸ್ ಇದೆ ಅಂದ್ಕೊ, 3.45ನ್ನ 5ರಿಂದ ಭಾಗಿಸು, 0.69. ಹೆಚ್ಚುಕಮ್ಮಿ ಸರಿಹೋಯ್ತು. ಇಂಥ ಪಿಕ್ಸೆಲ್ಲಿರೋ 3 ಮೆಗಾಪಿಕ್ಸೆಲ್ ಕ್ಯಾಮೆರಾ ನಿನ್ನ ಕೆಲಸಕ್ಕೆ ಧಾರಾಳ. 20 ಮೆಗಾಪಿಕ್ಸೆಲ್‌ನಲ್ಲಿ ಪಿಕ್ಸೆಲ್ ಸಣ್ಣದಾಗ್ತಾ ಹೋಗುತ್ತೆ, ಲೆನ್ಸು ಕೊಡದೇ ಇರೋ ವಿವರ ಕ್ಯಾಮೆರಾ ಎಲ್ಲಿಂದ ತರುತ್ತೆ? ಫೈಲ್ ಮಾತ್ರ ದಪ್ಪ, ಲೈವ್ ಚಿತ್ರ ನಿಧಾನ, ಫೋಕಸ್ ಮಾಡುವಾಗ ಚಿತ್ರ ಜೋಲಿ ಹೊಡೀತಾ ಇರುತ್ತೆ.

ಕ್ಯಾಮೆರಾಕ್ಕಿಂತ ಅಡಾಪ್ಟರ್ ಕಡೆ ಗಮನ ಕೊಡು. ಅರ್ಧ ಇಂಚಿನ ಸೆನ್ಸರಿಗೆ 0.5ಎಕ್ಸ್, ಮೂರರಲ್ಲೆರಡು ಇಂಚಿಗೆ 0.63 ಆಸುಪಾಸು, ಒಂದಿಂಚಿಗೆ 1ಎಕ್ಸ್. ಸಣ್ಣ ಸೆನ್ಸರಿಗೆ 1ಎಕ್ಸ್ ಹಾಕಿದ್ರೆ ಕಣ್ಣಿಗೆ ಕಾಣೋ ವೃತ್ತದ ಮಧ್ಯದ ಒಂದು ಚೂರು ಮಾತ್ರ ಸ್ಕ್ರೀನಲ್ಲಿ ಬರುತ್ತೆ, ದೊಡ್ಡದಕ್ಕೆ 0.5 ಹಾಕಿದ್ರೆ ಮೂಲೆ ನಾಲ್ಕೂ ಕಪ್ಪು. ಆಮೇಲೆ ನಿಮ್ಮ ಹಳೇ ಮೈಕ್ರೋಸ್ಕೋಪು ಟ್ರೈನಾಕ್ಯುಲರ್ ಹೌದಾ ಮೊದಲು ನೋಡು, ಮೂರನೇ ಕೊಳವೆನೇ ಇಲ್ಲದೆ ಕ್ಯಾಮೆರಾ ತರಿಸಿ ಕೂತವರಿದ್ದಾರೆ. ಫೋನ್ ಫೋಟೋ ನಿನ್ನ ನೋಟ್‌ಬುಕ್ಕಿಗೆ, ವಾಟ್ಸ್ಯಾಪಲ್ಲಿ ಗೈಡಿಗೆ ಕಳಿಸೋಕೆ ಬಹಳ ಚೆನ್ನ. ಪೇಪರಿಗೆ ಬೇಡ, ಫೋನು ತಾನೇ ಚೂಪು ಮಾಡಿ, ಬೆಳಕು ತಿದ್ದಿ, ಇಲ್ಲದ ಅಂಚು ಎಳೆದು ಕೊಡುತ್ತೆ, ಸ್ಕೇಲ್ ಬಾರ್ ಹಾಕೋಕೂ ಆಗಲ್ಲ.

ಪ್ರಶ್ನೆ: ಈಗ ಫೇಸ್ ಸಾಕು, ಮುಂದೆ ಸೆಲ್ಲಲ್ಲಿ ಹಸಿರಾಗಿ ಹೊಳೆಯೋ ಪ್ರೋಟೀನ್ ಜಿಎಫ್‌ಪಿ ಬೇಕಾಗಬಹುದು. ಫ್ಲೋರೆಸೆನ್ಸ್ ಈಗಲೇ ಸೇರಿಸಿ ತಗೊಳ್ಳೋದಾ? (ಬೆಳಗಾವಿ)

ಉತ್ತರ: "ಬೇಕಾಗಬಹುದು" ಅನ್ನೋ ಪದಕ್ಕೆ ದುಡ್ಡು ಹಾಕಬೇಡಿ. ಎಷ್ಟೋ ಕಡೆ ಮೂಗಿಗಿಂತ ಮೂಗುತಿ ಭಾರ ಆಗಿ ಕೂತಿದೆ, ಮೈಕ್ರೋಸ್ಕೋಪಿಗಿಂತ ಫ್ಲೋರೆಸೆನ್ಸ್ ಸಾಮಾನಿಗೆ ಜಾಸ್ತಿ ಕೊಟ್ಟು, ಅದಕ್ಕೆ ಕವರ್ ಹಾಕಿಟ್ಟಿದಾರೆ. ಮುಂದೆ ಸೇರಿಸೋಕೆ ಬರೋ ಬಾಡಿ ತಗೊಳ್ಳಿ, ಅದನ್ನ ಬರವಣಿಗೆಯಲ್ಲಿ ಕೇಳಿ. ಅಷ್ಟು ಸಾಕು ಸದ್ಯಕ್ಕೆ.

ತಗೊಳ್ಳೋದೇ ಆದ್ರೆ ಮರ್ಕ್ಯುರಿ ದೀಪ ಬೇಡ. ಇನ್ನೂರು ಮುನ್ನೂರು ಗಂಟೆಗೆ ಬಲ್ಬು ಮುಗೀತು, ಆರಿಸಿದ ಮೇಲೆ ತಣ್ಣಗಾಗೋ ತನಕ ಮತ್ತೆ ಹಚ್ಚೋ ಹಾಗಿಲ್ಲ, ಕರೆಂಟ್ ಹೋಗಿ ಬಂದು ಮಾಡೋ ಊರಲ್ಲಿ ಇದು ಯಾಕೆ ತಲೆನೋವು ಅಂತ ನಾನು ಹೇಳಬೇಕಾಗಿಲ್ಲ. ಒಡೆದ್ರೆ ಪಾದರಸ ಬೇರೆ. ಎಲ್‌ಇಡಿ ತಗೊಳ್ಳಿ, ಸಾವಿರಾರು ಗಂಟೆ ಬರುತ್ತೆ, ಬೇಕಾದಾಗ ಹಚ್ಚಿ ಬೇಡದಾಗ ಆರಿಸಬಹುದು, ಸೆಲ್ಲಿಗೂ ಒಳ್ಳೇದು, ಯಾಕಂದ್ರೆ ಜೋರು ನೀಲಿ ಬೆಳಕು ಸುಮ್ನೆ ಬೀಳ್ತಾ ಇದ್ರೆ ಸೆಲ್ಲೇ ಸಾಯುತ್ತೆ. ಜಿಎಫ್‌ಪಿಗೆ 488 ನ್ಯಾನೊಮೀಟರ್ ಹತ್ತಿರದ ನೀಲಿ ಕೊಟ್ರೆ 509ರ ಹತ್ತಿರ ಹಸಿರು ಬರುತ್ತೆ, ಆ ಒಂದು ಫಿಲ್ಟರ್ ಮತ್ತೆ ಡ್ಯಾಪಿಗೊಂದು (ನ್ಯೂಕ್ಲಿಯಸ್ಸಿಗೆ ಹಾಕೋ ನೀಲಿ ಹೊಳಪಿನ ಬಣ್ಣ), ಎರಡರಿಂದ ಶುರು ಮಾಡಿ.

ಇನ್ನೊಂದು ಯಾರೂ ಹೇಳದ ವಿಷಯ. ಫ್ಲೋರೆಸೆನ್ಸಲ್ಲಿ ಬೆಳಕು ಎಷ್ಟು ಬರುತ್ತೆ ಅನ್ನೋದು ಎನ್.ಎ.ಯ ನಾಲ್ಕನೇ ಘಾತದ ಮೇಲೆ ನಿಂತಿದೆ. ಫ್ಲಾಸ್ಕಿಗೆ ಅಂತ ಮಾಡಿದ 20ಎಕ್ಸ್ 0.4 ಲೆನ್ಸಿಗೂ, ಗಾಜಿನ ತಳಕ್ಕೆ ಮಾಡಿದ 20ಎಕ್ಸ್ 0.75 ಲೆನ್ಸಿಗೂ ಹನ್ನೆರಡು ಪಟ್ಟು ವ್ಯತ್ಯಾಸ ಬರುತ್ತೆ ಲೆಕ್ಕ ಹಾಕಿದ್ರೆ. ಅದಕ್ಕೇ ಜಿಎಫ್‌ಪಿ ಮಂಕಾಗಿದೆ ಅಂತ ದೀಪ ಬೈಯೋ ಮೊದಲು ಸೆಲ್ಲನ್ನ ಗಾಜಿನ ತಳದ ಡಿಶ್ಶಲ್ಲಿ ಬೆಳೆಸಿ ನೋಡಿ.

ಪ್ರಶ್ನೆ: 96 ಗುಳಿ ಪ್ಲೇಟಲ್ಲಿ ಫೇಸ್ ಕಾಂಟ್ರಾಸ್ಟ್ ಕೆಲಸಾನೇ ಮಾಡಲ್ಲ, ಅಂಚಲ್ಲಿ ಎಲ್ಲ ಕಪ್ಪು ಕಪ್ಪು. ಹೊಸ ಮೈಕ್ರೋಸ್ಕೋಪು, ವಾಪಸ್ ಕೊಡೋಣ್ವಾ? (ಮೈಸೂರು)

ಉತ್ತರ: ಬೇಡ ಬೇಡ, ಮೈಕ್ರೋಸ್ಕೋಪಿನ ತಪ್ಪಲ್ಲ ಅದು. ಸಣ್ಣ ಗುಳಿಯಲ್ಲಿ ಮೀಡಿಯಾ ಗೋಡೆ ಹತ್ತಿ ಬಟ್ಟಲಿನ ಥರ ಬಾಗಿ ನಿಲ್ಲುತ್ತೆ, ಆ ಬಾಗಿದ ಮೇಲ್ಮೈ ಒಂದು ಲೆನ್ಸ್ ಆಗಿ ಮೇಲಿಂದ ಬರೋ ಬೆಳಕಿನ ಉಂಗುರವನ್ನ ಪಕ್ಕಕ್ಕೆ ತಳ್ಳಿಬಿಡುತ್ತೆ, ಕೆಳಗಿನ ಉಂಗುರಕ್ಕೆ ಅದು ಕೂರಲ್ಲ. ಗುಳಿಯ ನಟ್ಟನಡುವೆ ಮಾತ್ರ ಸರಿಯಾಗಿ ಕಾಣುತ್ತೆ. ಮೀಡಿಯಾ ಸ್ವಲ್ಪ ಜಾಸ್ತಿ ಹಾಕಿ, ಮಧ್ಯದಲ್ಲಿ ನೋಡಿ. ಮುಚ್ಚಳದಲ್ಲಿ ಹನಿ ಕಟ್ಟಿದ್ರೂ ಇದೇ ಗತಿ, 37 ಡಿಗ್ರಿಯ ಇನ್ಕ್ಯುಬೇಟರಿಂದ (ಸೆಲ್ ಬೆಚ್ಚಗಿಡೋ ಪೆಟ್ಟಿಗೆ) ತೆಗೆದು ಎಸಿ ರೂಮಿಗೆ ತಂದ ತಕ್ಷಣ ಕಟ್ಟುತ್ತೆ.

ಪ್ರಶ್ನೆ: ನಾನು ಹುಬ್ಬಳ್ಳಿಯ ಐವಿಎಫ್ ಕ್ಲಿನಿಕ್ಕಲ್ಲಿ ಟ್ರೈನಿಂಗಲ್ಲಿದ್ದೀನಿ. ಅಲ್ಲಿ ಫೇಸ್ ಅಲ್ಲ, ಹಾಫ್‌ಮನ್ ಅಂತ ಬೇರೆ ಏನೋ ಇದೆ. ಯಾಕೆ?

ಉತ್ತರ: ಫೇಸ್ ಕಾಂಟ್ರಾಸ್ಟ್ ತೆಳ್ಳಗಿನ ಚಪ್ಪಟೆ ಸೆಲ್ಲಿಗೆ ಸೈ. ಅಂಡಾಣು ಅನ್ನೋದು ಚೆಂಡು, ನೂರು ಮೈಕ್ರಾನಿಗೂ ಮೇಲೆ. ಅಷ್ಟು ದಪ್ಪ ಇದ್ರೆ ಫೇಸಲ್ಲಿ ಸುತ್ತ ಬಿಳಿ ಪ್ರಭೆ ಬಂದು ಅಂಚೇ ತಿಳಿಯಲ್ಲ. ರಾಬರ್ಟ್ ಹಾಫ್‌ಮನ್ 1975ರಲ್ಲಿ ತಂದ ವಿಧಾನದಲ್ಲಿ ಒಂದು ಕಡೆಯಿಂದ ಬಿಸಿಲು ಬಿದ್ದ ಹಾಗೆ ಉಬ್ಬುತಗ್ಗು ಕಾಣುತ್ತೆ, ಸೂಜಿ ಎಲ್ಲಿ ಚುಚ್ಚಬೇಕು ಅಂತ ಗೊತ್ತಾಗುತ್ತೆ. ಡಿಐಸಿ ಅನ್ನೋ ಇನ್ನೊಂದು ವಿಧಾನದಲ್ಲೂ ಹಾಗೇ ಕಾಣುತ್ತೆ, ಆದ್ರೆ ಡಿಐಸಿ ಪೋಲರೈಸ್ ಆದ ಬೆಳಕಲ್ಲಿ ನಡೆಯೋದು, ಪ್ಲಾಸ್ಟಿಕ್ ಡಿಶ್ಶು ಆ ಬೆಳಕನ್ನ ಹಾಳುಮಾಡುತ್ತೆ, ಗಾಜೇ ಬೇಕಾಗುತ್ತೆ. ಹಾಫ್‌ಮನ್ನಿಗೆ ಪ್ಲಾಸ್ಟಿಕ್ ಆದ್ರೂ ಆಯ್ತು. ಬೇರೆ ಬೇರೆ ಕಂಪನಿ ರಿಲೀಫ್, ಮಾಡ್ಯುಲೇಷನ್ ಅಂತೆಲ್ಲ ಹೆಸರಿಟ್ಕೊಂಡಿರೋದು ಇದರ ಅಣ್ಣತಮ್ಮಂದಿರನ್ನೇ. ನಿಮ್ಮ ಕೆಲಸಕ್ಕೆ ಬಿಸಿ ಸ್ಟೇಜ್ ಇರೋದನ್ನೇ ನೋಡಿ, ತಣ್ಣಗಿನ ಲೋಹದ ಮೇಲೆ ಡಿಶ್ ಇಟ್ರೆ ಅಂಡಾಣುವಿಗೆ ಒಳ್ಳೇದಲ್ಲ.

ಪ್ರಶ್ನೆ: ಮಂಗಳೂರಲ್ಲಿ ಮಳೆಗಾಲ ಬಂತು ಅಂದ್ರೆ ಲೆನ್ಸಿಗೆ ಬೂಸ್ಟು. ಎರಡು ವರ್ಷದಲ್ಲಿ ಎರಡು ಲೆನ್ಸ್ ಹೋಯ್ತು. ಏನಾದ್ರೂ ಉಪಾಯ?

ಉತ್ತರ: ಜೂನಿಂದ ಸೆಪ್ಟೆಂಬರ್ ತನಕ ನಿಮ್ಮೂರಲ್ಲಿ ಚಪ್ಪಲಿಗೇ ಬೂಸ್ಟು ಹಿಡಿಯುತ್ತೆ, ಲೆನ್ಸನ್ನ ಬಿಡುತ್ತಾ. ಇನ್ವರ್ಟೆಡ್‌ಗೆ ಇನ್ನೂ ಕಷ್ಟ, ಲೆನ್ಸು ಆಕಾಶ ನೋಡ್ಕೊಂಡು ಕೂತಿರುತ್ತೆ, ಧೂಳು, ಚೆಲ್ಲಿದ ಮೀಡಿಯಾ ಎಲ್ಲ ನೇರ ಅದರ ಬಾಯಿಗೇ. ಮೀಡಿಯಾದಲ್ಲಿ ಸಕ್ಕರೆ, ಅಮೈನೊ ಆಮ್ಲ, ಸೀರಮ್ ಎಲ್ಲ ಇದೆ, ಬೂಸ್ಟಿಗೆ ಅದಕ್ಕಿಂತ ಹಬ್ಬದೂಟ ಬೇಕಾ?

ಚೆಲ್ಲಿದ್ರೆ ಆಗಲೇ ಒರೆಸಿ. ಮೊದಲು ಡಿಸ್ಟಿಲ್ಡ್ ವಾಟರಲ್ಲಿ ಒದ್ದೆ ಮಾಡಿದ ಲೆನ್ಸ್ ಪೇಪರು, ಆಮೇಲೆ ಲೆನ್ಸ್ ಕ್ಲೀನರು. ನೇರ ಸ್ಪಿರಿಟ್ ಹಾಕಿ ತಿಕ್ಕಿದ್ರೆ ಸೀರಮ್ಮಿನ ಪ್ರೋಟೀನು ಅಲ್ಲೇ ಗಟ್ಟಿಯಾಗಿ ಅಂಟ್ಕೊಳ್ಳುತ್ತೆ, ಮೊಟ್ಟೆ ಬೆಂದ ಹಾಗೆ. ಶರ್ಟಿನ ತುದಿ, ಟಿಶ್ಯೂ ಪೇಪರ್ ಬೇಡ್ವೇ ಬೇಡ. ದೀಪ ಆರಿಸಿದ ಕೂಡಲೇ ಬಿಸಿಯಾಗಿರುವಾಗಲೇ ಪ್ಲಾಸ್ಟಿಕ್ ಕವರ್ ಎಳೀಬೇಡಿ, ಒಳಗೆ ಬೆವರುತ್ತೆ, ಬಟ್ಟೆ ಕವರ್ ಹೊಲಿಸಿ. ಮಳೆಗಾಲದಲ್ಲಿ ರಜೆ ಬಂತು, ಎರಡು ವಾರ ಯಾರೂ ಬಳಸಲ್ಲ ಅಂದ್ರೆ ಲೆನ್ಸುಗಳನ್ನ ಬಿಚ್ಚಿ ಸಿಲಿಕಾ ಜೆಲ್ ಹಾಕಿದ ಡೆಸಿಕೇಟರಲ್ಲಿಡಿ, ಬಿಚ್ಚಿದ ತೂತಿಗೆ ಮುಚ್ಚಳ ಹಾಕೋದು ಮರೀಬೇಡಿ. ಜೆಲ್ ಬಣ್ಣ ತಿರುಗಿದ್ರೆ ಹುರಿದು ಮತ್ತೆ ಹಾಕಿ. ಮೈಕ್ರೋಸ್ಕೋಪನ್ನ ಇನ್ಕ್ಯುಬೇಟರ್ ಬಾಗಿಲ ಪಕ್ಕ ಇಟ್ಟಿದ್ರೆ ದೂರ ಸರಿಸಿ, ಬಾಗಿಲು ತೆಗೆದಾಗಲೆಲ್ಲ ಒಳಗಿನ ತಟ್ಟೆ ನೀರಿನ ಹಬೆ ಅದಕ್ಕೇ ಹೊಡೆಯುತ್ತೆ. ಸೆಂಟ್ರಿಫ್ಯೂಜ್ ಇಟ್ಟ ಮೇಜಂತೂ ಬೇಡ, 40ಎಕ್ಸ್‌ನಲ್ಲಿ ಚಿತ್ರ ನಡುಗುತ್ತೆ.

ಪ್ರಶ್ನೆ: ಇನ್ಕ್ಯುಬೇಟರಿಂದ ತೆಗೆದು ಎಷ್ಟು ಹೊತ್ತು ನೋಡಬಹುದು? (ತುಮಕೂರು)

ಉತ್ತರ: ಐದು ಹತ್ತು ನಿಮಿಷ. ಮೀಡಿಯಾದಲ್ಲಿರೋ ಫಿನಾಲ್ ರೆಡ್ ಬಣ್ಣ ನೋಡ್ತಾ ಇರಿ, 5 ಶೇಕಡಾ ಕಾರ್ಬನ್ ಡೈಆಕ್ಸೈಡ್ ತಪ್ಪಿದ ಮೇಲೆ ಮೀಡಿಯಾ ಗುಲಾಬಿ ತಿರುಗಿ ನೇರಳೆ ಕಡೆ ಹೊರಟರೆ ಮಾತಾಡ್ಕೊಂಡು ನಿಂತಿದ್ದು ಸಾಕು ಅಂತ ಅರ್ಥ. ಜಾಸ್ತಿ ಹೊತ್ತು ಬೇಕಂದ್ರೆ ಹೆಪೆಸ್ (ಆಮ್ಲ-ಕ್ಷಾರ ಏರುಪೇರಾಗದ ಹಾಗೆ ಹಿಡಿಯೋ ರಾಸಾಯನಿಕ) ಹಾಕಿದ ಮೀಡಿಯಾ, ರಾತ್ರಿಯಿಡೀ ಬೇಕಂದ್ರೆ ಸ್ಟೇಜ್ ಮೇಲೆ ಕೂರೋ ಪುಟ್ಟ ಇನ್ಕ್ಯುಬೇಟರ್.

ಪ್ರಶ್ನೆ: ನಮ್ಮದು ಕಲಬುರಗಿಯ ಸರ್ಕಾರಿ ಸಂಸ್ಥೆ, ಟೆಂಡರಲ್ಲಿ ಎಲ್1 (ಎಲ್ಲರಿಗಿಂತ ಕಮ್ಮಿ ಬೆಲೆ) ಬಂದವರಿಗೇ ಕೊಡಬೇಕು. ಅಗ್ಗದ್ದು ಬಂದು ಕೂರದ ಹಾಗೆ ಸ್ಪೆಸಿಫಿಕೇಷನ್ ಹೇಗೆ ಬರೀಲಿ?

ಉತ್ತರ: ಒಂದು ಕಂಪನಿಯ ಬ್ರೋಷರನ್ನ ಹಾಗೇ ಇಳಿಸಬೇಡಿ, ಉಳಿದವರು ತಕರಾರು ತೆಗೀತಾರೆ, ಫೈಲು ಒಂದು ವರ್ಷ ಮಲಗುತ್ತೆ. "ಉತ್ತಮ ಗುಣಮಟ್ಟದ ಆಪ್ಟಿಕ್ಸ್" ಅಂತಾನೂ ಬರೀಬೇಡಿ, ಅದಕ್ಕೆ ಎಲ್ಲರೂ ಹೌದು ಅಂತಾರೆ. ಮೊದಲನೇ ಉತ್ತರದಲ್ಲಿ ಸ್ಕೇಲ್ ಹಿಡಿದು ಅಳೆಯೋಕೆ ಹೇಳಿದ್ನಲ್ಲ, ಆ ಅಂಕಿಗಳನ್ನೇ ಬರೀರಿ: ಕಂಡೆನ್ಸರ್ ಕೆಳಗೆ ಕನಿಷ್ಠ ಇಷ್ಟು ಮಿಲಿಮೀಟರ್ ಜಾಗ, 10, 20, 40 ಮೂರಕ್ಕೂ ಫೇಸ್, 20 ಮತ್ತೆ 40 ಲೆನ್ಸು ಒಂದು ಮಿಲಿಮೀಟರ್ ಪ್ಲಾಸ್ಟಿಕ್ಕಿನ ಮೂಲಕ ಫೋಕಸ್ ಆಗಬೇಕು, ಟಿ-25, ಟಿ-75, 96 ಗುಳಿ ಪ್ಲೇಟು ಹಿಡಿಯೋ ಹೋಲ್ಡರ್ ಜೊತೆಗೇ ಬರಬೇಕು, ಎಲ್‌ಇಡಿ ದೀಪ, ಟ್ರೈನಾಕ್ಯುಲರ್ ತಲೆ. ಹೋಲ್ಡರ್ ಮಾತು ಯಾಕೆ ಅಂದ್ರೆ ಎಷ್ಟೋ ಸಲ ಅದು ಪಟ್ಟಿಯಲ್ಲಿರಲ್ಲ, ಆಮೇಲೆ ಬೇರೆ ಬಿಲ್ ಬರುತ್ತೆ. ಜೊತೆಗೆ "ಬೆಲೆ ಲಕೋಟೆ ತೆರೆಯೋ ಮೊದಲು ಸಂಸ್ಥೆಯ ಫ್ಲಾಸ್ಕಿನಲ್ಲಿ ಡೆಮೊ ಕಡ್ಡಾಯ, ಅದು ತಾಂತ್ರಿಕ ಅರ್ಹತೆಯ ಭಾಗ" ಅಂತ ಮೊದಲೇ ಷರತ್ತು ಹಾಕಿ. ವಾರಂಟಿ ಮುಗಿದ ಮೇಲಿನ ಸರ್ವೀಸ್ ಕರಾರಿನ ರೇಟನ್ನೂ ಈಗಲೇ ಕೇಳಿಬಿಡಿ, ಆಗ ಎಲ್1 ಲೆಕ್ಕದಲ್ಲಿ ಅದೂ ಸೇರುತ್ತೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿದೆ, ಹಳೇ ಜಪಾನೀ ಮಾಡೆಲ್ಲು, ಲೆನ್ಸ್ ಒಂದು ಇಲ್ಲ. ಬೇರೆ ಕಂಪನಿದು ಹಾಕ್ಕೊಂಡ್ರೆ ಆಗುತ್ತಾ? (ಶಿವಮೊಗ್ಗ)

ಉತ್ತರ: ತಿರುಪು ಕೂತ್ರೂ ಚಿತ್ರ ಕೂರಲ್ಲ. ಹಳೇದ್ರಲ್ಲಿ 160 ಮಿಲಿಮೀಟರ್ ಕೊಳವೆ ಲೆಕ್ಕದ ಲೆನ್ಸು, ಹೊಸದೆಲ್ಲ ಇನ್‌ಫಿನಿಟಿ ಲೆಕ್ಕ, ಅಂದ್ರೆ ಬೆಳಕು ಸಮಾನಾಂತರವಾಗಿ ಬಂದು ಒಳಗಿನ ಟ್ಯೂಬ್ ಲೆನ್ಸಲ್ಲಿ ಚಿತ್ರ ಆಗೋದು, ಅದ್ರಲ್ಲೂ ಆ ಟ್ಯೂಬ್ ಲೆನ್ಸಿನ ಮಿಲಿಮೀಟರ್ ಲೆಕ್ಕ ನಿಕಾನ್ ಲೈಕಾಗೆ 200, ಒಲಿಂಪಸ್ಸಿಗೆ 180, ಜೈಸಿಗೆ 165. ಫೇಸ್ ಉಂಗುರದ ಅಳತೆನೂ ಬೇರೆ ಬೇರೆ. ಅದೇ ಕಂಪನಿಯ ಅದೇ ಕಾಲದ ಲೆನ್ಸ್ ಸಿಕ್ಕರೆ ಮಾತ್ರ ಮುಂದುವರೀರಿ. ನೋಡೋಕೆ ಹೋಗುವಾಗ ಟಾರ್ಚ್ ತಗೊಂಡು ಹೋಗಿ, ಇರೋ ಲೆನ್ಸುಗಳನ್ನ ಬಿಚ್ಚಿ ಹಿಂದಿನಿಂದ ಬೆಳಕು ಬಿಟ್ಟು ನೋಡಿ. ಒಳಗೆ ಜೇಡರ ಬಲೆ ಥರ ಕಂಡ್ರೆ ಅದು ಬೂಸ್ಟು, ಮಂಗಳೂರಿನವರ ಪತ್ರ ಇನ್ನೊಂದ್ಸಲ ಓದಿ, ಮಾಲೀಕರಿಗೆ ಟೀ ಕುಡಿಸಿದ್ದಕ್ಕೆ ಥ್ಯಾಂಕ್ಸ್ ಹೇಳಿ ಬಸ್ ಹತ್ತಿ.